ಬಟ್ಟೆ ಒಣಗಿಸುವ ಯಂತ್ರ: ದೋಷಗಳ ಪತ್ತೆ ಮತ್ತು ದುರಸ್ತಿ

ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಒಣಗಿಸುವುದು ಗೃಹಕೃತ್ಯಗಳಲ್ಲಿಯೇ ತೊಡಕಿನ ಕೆಲಸ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಆಷಾಢ, ಶ್ರಾವಣದ ದಿನಗಳಲ್ಲಿ ಬಚ್ಚಲೊಲೆಯ ಮೇಲ್ಭಾಗದಲ್ಲಿ ಬಿದಿರಿನ ಗಳುಗಳನ್ನು ಕಟ್ಟಿ, ಅವುಗಳ ಮೇಲೆ ಬಟ್ಟೆ ಹರವುವ ಪದ್ಧತಿ ಇತ್ತು. ಕೆಲವೆಡೆ ಇಂದಿಗೂ ಇದೆ. ಒಲೆಯ ಬಿಸಿಗಾಳಿ ಮೇಲೇರಿ, ಬಟ್ಟೆಯ ತೇವವನ್ನು ಹೀರಿಕೊಂಡು, ಹೆಂಚಿನ ಸಂದುಗಳ ಮೂಲಕ ಹೊರಗೆ ಹೋಗುತ್ತದೆ. ಉದ್ಯೋಗ ನಿಮಿತ್ತ ದೂರದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಬಚ್ಚಲೊಲೆಯೂ ಇಲ್ಲ, ಹೆಂಚಿನ ಮಾಡೂ ಇಲ್ಲ. ಮುಂಬಯಿಯಲ್ಲಿ ಜುಲೈ ತಿಂಗಳೊಂದರಲ್ಲೇ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯ ಕಾಲ. ದೆಹಲಿಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಮಂಜು ಬಿಸಿಲನ್ನು ಮರೆಮಾಡುತ್ತದೆ. ಇಂತಹ ಕಡೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರವು ಅನೇಕ ಮನೆಗಳಿಗೆ ಅಗತ್ಯದ ವಸ್ತುವಾಗಿದೆ.

ಬಚ್ಚಲೊಲೆ ಮಾಡುತ್ತಿದ್ದ ಕೆಲಸವನ್ನೇ ಈ ಯಂತ್ರವು ವಿದ್ಯುತ್ತಿನ ನೆರವಿನಿಂದ ಮಾಡುತ್ತದೆ. ಅದಕ್ಕೆ ಬೇಕಾದುದು ಮೂರು: ಬಿಸಿ, ಗಾಳಿಯ ಚಲನೆ ಮತ್ತು ತೇವಗೊಂಡ ಗಾಳಿ ಹೊರಹೋಗಲು ದಾರಿ. ಈ ಮೂರರಲ್ಲಿ ಯಾವುದೊಂದು ಕುಂಠಿತವಾದರೂ ಬಟ್ಟೆ ಒಣಗುವುದಿಲ್ಲ. ಬಟ್ಟೆ ಒಣಗದಿದ್ದಾಗ ಹೀಟರ್ ಕೆಟ್ಟಿದೆ ಎಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ದೋಷವು ಬಹಳಷ್ಟು ಸಲ ಗಾಳಿಯ ದಾರಿಯಲ್ಲಿರುತ್ತದೆ. ಆ ದೋಷವನ್ನು ಗುರುತಿಸದೆ ಬಿಡಿಭಾಗಗಳನ್ನು ಮಾತ್ರ ಬದಲಾಯಿಸಿದರೆ ಹಣ ವ್ಯರ್ಥವಾಗುತ್ತದೆ; ಬೆಂಕಿಯ ಅಪಾಯವೂ ಹಾಗೆಯೇ ಉಳಿಯುತ್ತದೆ.

ಒಂದೇ ಹೆಸರು, ಎರಡು ಯಂತ್ರ

‘ಡ್ರೈಯರ್’ ಎಂಬ ಹೆಸರು ನಮ್ಮ ಮನೆಗಳಲ್ಲಿ ಎರಡು ಬೇರೆ ಬೇರೆ ಯಂತ್ರಗಳಿಗೆ ಬಳಕೆಯಲ್ಲಿದೆ. ಎರಡು ತೊಟ್ಟಿಗಳ ಬಟ್ಟೆ ಒಗೆಯುವ ಯಂತ್ರದಲ್ಲಿ ಕಿರಿದಾದ ತೊಟ್ಟಿಯನ್ನು ಡ್ರೈಯರ್ ಎನ್ನುವುದು ರೂಢಿ. ಇದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರನ್ನು ಹಿಂಡಿ ತೆಗೆಯುತ್ತದೆಯೇ ಹೊರತು ಬಿಸಿ ಮಾಡುವುದಿಲ್ಲ. ಇನ್ನೊಂದು, ಅಡ್ಡಲಾಗಿ ಉರುಳುವ ಡ್ರಮ್ಮಿನೊಳಗೆ ಬಿಸಿಗಾಳಿ ಹಾಯಿಸಿ ಬಟ್ಟೆಯನ್ನು ಪೂರ್ತಿಯಾಗಿ ಒಣಗಿಸುವ ಯಂತ್ರ. ಈ ಲೇಖನದಲ್ಲಿ ಮುಖ್ಯವಾಗಿ ಎರಡನೆಯದನ್ನು, ಅದರಲ್ಲಿಯೂ ತೇವದ ಗಾಳಿಯನ್ನು ಕೊಳವೆಯ ಮೂಲಕ ಹೊರಹಾಕುವ ಬಗೆಯನ್ನು ವಿವರಿಸಲಾಗಿದೆ. ಹಿಂಡುವ ತೊಟ್ಟಿಯ ಬಗ್ಗೆ ಕೊನೆಯ ಭಾಗದಲ್ಲಿ ಕೆಲವು ಸೂಚನೆಗಳಿವೆ.

ಯಂತ್ರದ ರಚನೆ

ಯಂತ್ರದ ಮೋಟಾರು ಒಂದು ಉದ್ದನೆಯ ಬೆಲ್ಟಿನ ಮೂಲಕ ಡ್ರಮ್ಮನ್ನು ತಿರುಗಿಸುತ್ತದೆ. ಸಾಮಾನ್ಯವಾಗಿ ಅದೇ ಮೋಟಾರು ಫ್ಯಾನನ್ನೂ ನಡೆಸುತ್ತದೆ. ಕೋಣೆಯ ಗಾಳಿಯು ಹೀಟರ್ ಕಾಯಿಲ್‌ನ ಮೇಲೆ ಹಾದು ಬಿಸಿಯಾಗಿ, ಡ್ರಮ್ಮನ್ನು ಹೊಕ್ಕು, ಬಟ್ಟೆಯ ತೇವವನ್ನು ಹೀರುತ್ತದೆ. ಅನಂತರ ಜಾಲರಿಯ ಮೂಲಕ ಸಾಗಿ, ಹಿಂಭಾಗದ ಕೊಳವೆಯಿಂದ ಮನೆಯ ಹೊರಗೆ ಹೋಗುತ್ತದೆ. ಬಟ್ಟೆಯಿಂದ ಉದುರುವ ನವಿರಾದ ನೂಲಿನ ಧೂಳನ್ನು ಈ ಜಾಲರಿ ಹಿಡಿದಿಡುತ್ತದೆ. ರಿಪೇರಿಯವರು ಈ ಧೂಳನ್ನು ‘ಲಿಂಟ್’ ಎನ್ನುತ್ತಾರೆ.

ಗಾಳಿಯನ್ನು ಬಿಸಿ ಮಾಡುವುದೇಕೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 60 ಡಿಗ್ರಿಯಲ್ಲಿ ಅದು ಸುಮಾರು 130 ಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. ಹೀಗೆ ತುಂಬಿಕೊಂಡ ಗಾಳಿ ಹೊರಗೆ ಹೋಗದೆ ಡ್ರಮ್ಮಿನಲ್ಲಿಯೇ ನಿಂತರೆ ಎಷ್ಟು ಬಿಸಿ ಮಾಡಿದರೂ ಒಣಗುವ ಕ್ರಿಯೆ ಮುಂದುವರಿಯುವುದಿಲ್ಲ.

ಯಂತ್ರದಲ್ಲಿ ಕಾವಲಿನ ಸಾಧನಗಳೂ ಇವೆ. ಥರ್ಮೊಸ್ಟಾಟ್ ಗಾಳಿಯ ಉಷ್ಣತೆಯನ್ನು ನಿಗದಿತ ಮಿತಿಯಲ್ಲಿಡುತ್ತದೆ. ಆ ಮಿತಿ ಮೀರಿದರೆ ಥರ್ಮಲ್ ಫ್ಯೂಸ್ ಅಥವಾ ಥರ್ಮಲ್ ಕಟ್‌ಔಟ್ ಹೀಟರಿನ ವಿದ್ಯುತ್ತನ್ನು ಕಡಿದುಹಾಕುತ್ತದೆ. ಬಾಗಿಲು ತೆರೆದೊಡನೆ ಡ್ರಮ್ಮನ್ನು ನಿಲ್ಲಿಸುವ ಸ್ವಿಚ್ಚೂ ಇರುತ್ತದೆ.

ಕೈಹಾಕುವ ಮುನ್ನ

ಯಾವುದೇ ಪರೀಕ್ಷೆಗೆ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದು ಕಣ್ಣಿಗೆ ಕಾಣುವಂತೆ ಇಡಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು. ಹೀಟರ್ ತಣ್ಣಗಾಗಲು ಅರ್ಧ ಗಂಟೆಯಾದರೂ ಬೇಕು. ಒಳಗಿನ ತಗಡಿನ ಅಂಚುಗಳು ಹರಿತವಾಗಿರುವುದರಿಂದ ದಪ್ಪನೆಯ ಕೈಗವಸು ಧರಿಸುವುದು ಒಳ್ಳೆಯದು. ಮೋಟಾರಿಗೆ ಜೋಡಿಸಿದ ಕೆಪಾಸಿಟರ್ ಪ್ಲಗ್ ತೆಗೆದ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಆದುದರಿಂದ ಅನುಭವವಿಲ್ಲದವರು ಅದರ ತುದಿಗಳನ್ನು ಮುಟ್ಟಬಾರದು.

ವಿದ್ಯುತ್ ಸಂಪರ್ಕವೂ ಸರಿಯಾಗಿರಬೇಕು. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. 2,000 ವಾಟ್ ಹೀಟರ್ ಉಳ್ಳ ಯಂತ್ರವು ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಮೋಟಾರಿನ ಪಾಲು ಇದರ ಮೇಲೆ. ದೀಪ, ರೇಡಿಯೊಗಳಿಗಾಗಿ ಇರುವ 6 ಆಂಪಿಯರ್ ಸಾಕೆಟ್ಟು ಇದಕ್ಕೆ ತಕ್ಕದ್ದಲ್ಲ. ಭೂಸಂಪರ್ಕವುಳ್ಳ 16 ಆಂಪಿಯರ್ ಮೂರು ಪಿನ್ನಿನ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಯಂತ್ರವನ್ನು ನಡೆಸಬಾರದು. ಬಾಡಿಗೆ ಮನೆಗಳಲ್ಲಿ ಮೂರನೆಯ ಪಿನ್ನಿನ ರಂಧ್ರವಿದ್ದರೂ ಒಳಗೆ ಅರ್ಥಿಂಗ್ ತಂತಿ ಇಲ್ಲದಿರುವುದುಂಟು. ಯಂತ್ರ ಕೂರಿಸುವ ಮೊದಲೇ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಇದನ್ನು ಪರೀಕ್ಷಿಸಿಕೊಳ್ಳಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿದ್ದರೆ ಇನ್ನೂ ಕ್ಷೇಮ.

ತೂಕದ ಪರೀಕ್ಷೆ

ಯಂತ್ರವನ್ನು ಬಿಚ್ಚದೆಯೇ ಮಾಡಬಹುದಾದ ಮೊದಲ ಪರೀಕ್ಷೆ ತೂಕದ್ದು. ಬಟ್ಟೆಗಳನ್ನು ಒಗೆಯುವ ಮುನ್ನ ಒಮ್ಮೆ, ಹಿಂಡಿದ ಮೇಲೆ ಇನ್ನೊಮ್ಮೆ ತೂಗಬೇಕು. ಇವೆರಡರ ನಡುವಿನ ವ್ಯತ್ಯಾಸವೇ ಯಂತ್ರವು ಆವಿ ಮಾಡಿ ಹೊರಹಾಕಬೇಕಾದ ನೀರು.

ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್, ಎಂದರೆ ಸುಮಾರು 0.67 ಯೂನಿಟ್ ಶಕ್ತಿ ಬೇಕು. ನಾಲ್ಕು ಕಿಲೋಗ್ರಾಂ ಬಟ್ಟೆ ಹಿಂಡಿದ ಮೇಲೆ 6.4 ಕಿಲೋಗ್ರಾಂ ತೂಗಿದರೆ ಅದರಲ್ಲಿ 2.4 ಕಿಲೋಗ್ರಾಂ ನೀರಿದೆ. ಅದನ್ನು ಆವಿ ಮಾಡಲು 1.6 ಯೂನಿಟ್ ಬೇಕು. ಏನೊಂದೂ ನಷ್ಟವಾಗದಿದ್ದರೂ 2,000 ವಾಟ್ ಹೀಟರಿಗೆ ಇದು 48 ನಿಮಿಷಗಳ ಕೆಲಸ. ವಾಸ್ತವದಲ್ಲಿ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಅದೇ ಬಟ್ಟೆ ಹಿಂಡಿದ ಮೇಲೆ 8 ಕಿಲೋಗ್ರಾಂ ತೂಗಿದರೆ ನೀರು 4 ಕಿಲೋಗ್ರಾಂ. ಒಣಗಲು ಕನಿಷ್ಠ 80 ನಿಮಿಷ. ಆಗ ದೋಷವಿರುವುದು ಒಣಗಿಸುವ ಯಂತ್ರದಲ್ಲಲ್ಲ, ಹಿಂಡುವ ಯಂತ್ರದಲ್ಲಿ. ಒಣಗಿಸುವ ಯಂತ್ರವನ್ನು ಎಷ್ಟು ದುರಸ್ತಿ ಮಾಡಿಸಿದರೂ ಈ ತೊಂದರೆ ತೀರುವುದಿಲ್ಲ.

ಬಿಸಿಯಾಗುತ್ತದೆ, ಆದರೆ ಬಟ್ಟೆ ಒಣಗುವುದಿಲ್ಲ

ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ತೊಂದರೆ ಇದು. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಬಟ್ಟೆ ಬಿಸಿಯಾಗಿದ್ದರೂ ತೇವವಾಗಿಯೇ ಇರುತ್ತದೆ. ಯಂತ್ರದ ಮೈ ಮೊದಲಿಗಿಂತ ಹೆಚ್ಚು ಸುಡುತ್ತದೆ. ಇವು ಗಾಳಿಯ ದಾರಿ ಕಟ್ಟಿಕೊಂಡಿರುವುದರ ಲಕ್ಷಣಗಳು.

ಮೊದಲು ಜಾಲರಿಯನ್ನು ಹೊರತೆಗೆದು ಧೂಳನ್ನು ಕೈಯಿಂದ ಸವರಿ ತೆಗೆಯಬೇಕು. ಬಟ್ಟೆಯನ್ನು ಮೆತ್ತಗಾಗಿಸುವ ದ್ರವಗಳನ್ನು ಬಳಸುವ ಮನೆಗಳಲ್ಲಿ ಜಾಲರಿಯ ಮೇಲೆ ಕಣ್ಣಿಗೆ ಕಾಣದ ಜಿಡ್ಡಿನ ಪೊರೆ ಕೂಡುವುದುಂಟು. ಜಾಲರಿಯ ಮೇಲೆ ನೀರು ಸುರಿದಾಗ ಅದು ಕೆಳಗೆ ಇಳಿಯದೆ ನಿಂತರೆ ಪೊರೆ ಇದೆಯೆಂದೇ ತಿಳಿಯಬೇಕು. ಸಾಬೂನು ನೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮರಳಿ ಕೂರಿಸಬೇಕು. ಹರಿದ ಜಾಲರಿಯನ್ನು ಬಳಸಬಾರದು.

ಎರಡನೆಯದು ಕೊಳವೆ. ಯಂತ್ರ ನಡೆಯುತ್ತಿರುವಾಗ ಕೊಳವೆಯ ಹೊರತುದಿಯ ಬಳಿ ಕೈ ಹಿಡಿದು ನೋಡಬೇಕು. ಗಾಳಿ ರಭಸವಾಗಿ, ಬೆಚ್ಚಗೆ, ತೇವವಾಗಿ ಬರಬೇಕು. ಸಣ್ಣಗೆ ಬಂದರೆ ಯಂತ್ರವನ್ನು ನಿಲ್ಲಿಸಿ, ಪ್ಲಗ್ ತೆಗೆದು, ಕೊಳವೆಯನ್ನು ಬಿಚ್ಚಿ, ಒಳಗಿನ ಧೂಳನ್ನು ಉದ್ದ ಹಿಡಿಯ ಬ್ರಷ್ಷಿನಿಂದ ತೆಗೆಯಬೇಕು. ಯಂತ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಕೊಳವೆ ಚಪ್ಪಟೆಯಾಗಿರಬಹುದು. ಕೊಳವೆ ಆದಷ್ಟು ಗಿಡ್ಡವಾಗಿಯೂ ನೇರವಾಗಿಯೂ ಇರಬೇಕು. ಪ್ಲಾಸ್ಟಿಕ್ಕಿಗಿಂತ ಲೋಹದ ಕೊಳವೆ ಉತ್ತಮ. ಹೊರತುದಿಗೆ ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬಾರದು. ಅದು ಬೇಗನೆ ಧೂಳಿನಿಂದ ಮುಚ್ಚಿಹೋಗುತ್ತದೆ. ಪಾರಿವಾಳಗಳ ಕಾಟವಿರುವ ಕಟ್ಟಡಗಳಲ್ಲಿ, ಗಾಳಿ ಬಂದಾಗ ತಾನೇ ತೆರೆದು ನಿಂತಾಗ ಮುಚ್ಚಿಕೊಳ್ಳುವ ಪಟ್ಟಿಗಳ ಮುಚ್ಚಳವನ್ನು ಹಾಕಿಸಬೇಕು. ಜಾಗವಿಲ್ಲವೆಂದು ಕೊಳವೆಯನ್ನು ಕೋಣೆಯೊಳಗೇ ಬಿಡುವುದು ಸರಿಯಲ್ಲ. ಹೊರಬಂದ ತೇವದ ಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಳ್ಳುತ್ತದೆ. ಗೋಡೆಗೂ ಬೂಷ್ಟು ಹಿಡಿಯುತ್ತದೆ.

ಮೂರನೆಯದು ವಿದ್ಯುತ್ತಿನ ಒತ್ತಡ. ಹೀಟರಿನ ಬಿಸಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. 230 ವೋಲ್ಟು ಇರಬೇಕಾದಲ್ಲಿ 180 ವೋಲ್ಟು ಬಂದರೆ ದೊರೆಯುವ ಬಿಸಿ ಶೇಕಡ 61ರಷ್ಟು ಮಾತ್ರ.

ಯಂತ್ರವು ಬಟ್ಟೆಯ ತೇವವನ್ನು ತಾನೇ ಅರಿತು ನಿಲ್ಲುವ ಬಗೆಯದಾಗಿದ್ದರೆ ಡ್ರಮ್ಮಿನ ಬಾಯಿಯ ಬಳಿ ಎರಡು ಲೋಹದ ಪಟ್ಟಿಗಳಿರುತ್ತವೆ. ಅವುಗಳ ಮೇಲೆ ಜಿಡ್ಡು ಕೂತರೆ ಬಟ್ಟೆ ಒಣಗುವ ಮೊದಲೇ ಯಂತ್ರ ನಿಲ್ಲಬಹುದು. ಬಿಳಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿದರೆ ಈ ತೊಂದರೆ ನಿವಾರಣೆಯಾಗುತ್ತದೆ.

ತಿರುಗುತ್ತದೆ, ಆದರೆ ಬಿಸಿಯಾಗುವುದಿಲ್ಲ

ಮೊದಲು ಗುಂಡಿಯು ಬಿಸಿಯಿಲ್ಲದೆ ಗಾಳಿಯಾಡಿಸುವ ಸ್ಥಾನದಲ್ಲಿದೆಯೇ ಎಂದು ನೋಡಬೇಕು. ಅದು ಸರಿಯಾಗಿದ್ದರೆ ದೋಷವು ಹೀಟರ್, ಥರ್ಮೊಸ್ಟಾಟ್ ಅಥವಾ ಥರ್ಮಲ್ ಫ್ಯೂಸಿನಲ್ಲಿರಬಹುದು. ಕೆಲವು ಯಂತ್ರಗಳ ಹಿಂಭಾಗದಲ್ಲಿ ಕಟ್‌ಔಟನ್ನು ಮತ್ತೆ ಕೂರಿಸುವ ಸಣ್ಣ ಗುಂಡಿ ಇರುತ್ತದೆ. ಗಾಳಿಯ ದಾರಿಯನ್ನು ಶುಚಿಗೊಳಿಸಿದ ಮೇಲೆ, ಯಂತ್ರ ತಣ್ಣಗಿರುವಾಗ, ಅದನ್ನು ಒಮ್ಮೆ ಒತ್ತಬಹುದು. ಅದು ಮತ್ತೆ ಕಡಿದುಕೊಂಡರೆ ಪದೇ ಪದೇ ಒತ್ತುವುದನ್ನು ಬಿಟ್ಟು ಕಾರಣವನ್ನು ಹುಡುಕಬೇಕು.

ವಿದ್ಯುತ್ ಕೆಲಸದ ಪರಿಚಯವುಳ್ಳವರು ಮಲ್ಟಿಮೀಟರಿನಿಂದ ಈ ಭಾಗಗಳನ್ನು ಪರೀಕ್ಷಿಸಬಹುದು. ಪ್ಲಗ್ ತೆಗೆದಿರಬೇಕು. ಪರೀಕ್ಷಿಸುವ ಭಾಗದ ಒಂದು ತಂತಿಯನ್ನಾದರೂ ಬಿಡಿಸಿರಬೇಕು. ಇಲ್ಲವಾದರೆ ಬೇರೆ ಭಾಗಗಳ ಮೂಲಕ ತಪ್ಪು ಅಳತೆ ಬರುತ್ತದೆ. 2,000 ವಾಟ್ ಹೀಟರ್ ಸುಮಾರು 26 ಓಮ್, 1,800 ವಾಟ್ ಹೀಟರ್ ಸುಮಾರು 29 ಓಮ್ ತೋರಿಸಬೇಕು. ಸಂಪರ್ಕವೇ ಇಲ್ಲವೆಂದು ತೋರಿಸಿದರೆ ಕಾಯಿಲ್ ತುಂಡಾಗಿದೆ. ಥರ್ಮಲ್ ಫ್ಯೂಸ್ ಸರಿಯಿದ್ದರೆ ಸೊನ್ನೆಗೆ ಸಮೀಪದ ಅಳತೆ ಬರುತ್ತದೆ, ಕಡಿದುಹೋಗಿದ್ದರೆ ಸಂಪರ್ಕವಿರುವುದಿಲ್ಲ. ಹೀಟರಿನ ತುದಿಗೂ ಯಂತ್ರದ ಲೋಹದ ಮೈಗೂ ನಡುವೆ ಯಾವ ಸಂಪರ್ಕವೂ ಇರಬಾರದು. ಇದ್ದರೆ ಕಾಯಿಲ್ ಜೋತು ಬಿದ್ದು ತಗಡಿಗೆ ತಾಕಿದೆ ಎಂದರ್ಥ. ಯಂತ್ರ ಹಾಕಿದೊಡನೆ ಆರ್‌ಸಿಸಿಬಿ ಬೀಳುವುದಕ್ಕೂ ಯಂತ್ರವನ್ನು ಮುಟ್ಟಿದರೆ ಜುಮ್ಮೆನ್ನುವುದಕ್ಕೂ ಇದು ಕಾರಣವಾಗಬಹುದು. ಅಂತಹ ಯಂತ್ರವನ್ನು ಮರುಕ್ಷಣವೇ ನಿಲ್ಲಿಸಿ, ದುರಸ್ತಿಯಾಗುವವರೆಗೂ ಬಳಸದೆ ಇಡಬೇಕು.

ಕಡಿದುಹೋದ ಫ್ಯೂಸ್ ಹೇಳುವುದೇನು?

ಥರ್ಮಲ್ ಫ್ಯೂಸ್ ಕಡಿದಿದೆ ಎಂದು ತಿಳಿದಾಗ ಹೊಸದನ್ನು ಹಾಕಿ ಕೆಲಸ ಮುಗಿಯಿತೆನ್ನುವುದು ಸಾಮಾನ್ಯ. ಇನ್ನೂ ಕೆಲವರು ಬಿಡಿಭಾಗ ಬರುವವರೆಗೆ ಇರಲೆಂದು ಫ್ಯೂಸಿನ ಎರಡು ತುದಿಗಳನ್ನು ತಂತಿಯಿಂದ ಬೆಸೆದುಬಿಡುತ್ತಾರೆ. ಯಂತ್ರ ಆಗ ಮೊದಲಿನಂತೆ ಬಿಸಿಯಾಗುತ್ತದೆ. ಮನೆಯವರಿಗೆ ದುರಸ್ತಿಯಾಯಿತೆಂಬ ಸಮಾಧಾನವಾಗುತ್ತದೆ. ಆದರೆ ಫ್ಯೂಸ್ ಸಾಮಾನ್ಯವಾಗಿ ತಾನಾಗಿ ಕೆಡುವುದಿಲ್ಲ. ಗಾಳಿ ಕಟ್ಟಿಕೊಂಡು ಅಥವಾ ಥರ್ಮೊಸ್ಟಾಟ್ ಅಂಟಿಕೊಂಡು ಶಾಖ ಮಿತಿ ಮೀರಿದುದರಿಂದಲೇ ಅದು ಕಡಿದಿರುತ್ತದೆ. ಅದನ್ನು ತಂತಿಯಿಂದ ಬೆಸೆದಾಗ ಶಾಖದ ಕಾರಣ ಹಾಗೆಯೇ ಉಳಿದು ಕಾವಲು ಮಾತ್ರ ಇಲ್ಲವಾಗುತ್ತದೆ. ಕಾಯಿಲ್‌ನ ಸುತ್ತ ಕೂತಿರುವ ಒಣ ನೂಲಿನ ಧೂಳು ಕೂಡಲೇ ಹೊತ್ತಿಕೊಳ್ಳುವ ವಸ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಎಚ್ಚರಿಕೆ ಬರಿಯ ಊಹೆಯಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿ, ವಾಸದ ಕಟ್ಟಡಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಬಟ್ಟೆ ಒಣಗಿಸುವ ಯಂತ್ರಗಳಿಂದ ಉಂಟಾಗಿವೆ ಎಂದು ಅಂದಾಜು ಮಾಡಿತು. ಇವುಗಳಿಗೆ ಪ್ರಮುಖ ಕಾರಣ, ಶೇಕಡ 34ರಷ್ಟು ಸಂದರ್ಭಗಳಲ್ಲಿ, ಯಂತ್ರವನ್ನು ಶುಚಿಗೊಳಿಸದೆ ಇದ್ದುದು. 2016ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್ ಪ್ರದೇಶದ 18 ಅಂತಸ್ತುಗಳ ಕಟ್ಟಡದ ಏಳನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿಕೊಂಡು ಮೇಲಿನ ಅಂತಸ್ತುಗಳಿಗೂ ಹಬ್ಬಿತು. ಅದನ್ನು ನಂದಿಸಲು 120 ಮಂದಿ ಅಗ್ನಿಶಾಮಕ ಸಿಬ್ಬಂದಿ ಶ್ರಮಿಸಬೇಕಾಯಿತು. ಕಾರಣ, ಒಂದು ಮನೆಯಲ್ಲಿದ್ದ ದೋಷಯುಕ್ತ ಬಟ್ಟೆ ಒಣಗಿಸುವ ಯಂತ್ರ. ಒತ್ತೊತ್ತಾಗಿ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಮ್ಮ ನಗರಗಳ ಕುಟುಂಬಗಳಿಗೆ ಇದರ ಪಾಠ ಸ್ಪಷ್ಟವಾಗಿದೆ: ಒಂದು ಮನೆಯ ಅಲಕ್ಷ್ಯ ಆ ಮನೆಯ ಗೋಡೆಯೊಳಗೇ ಉಳಿಯುವುದಿಲ್ಲ.

ಯಂತ್ರ ಚಾಲೂ ಆಗದಿದ್ದರೆ

ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನು ಹಾಕಿ ವಿದ್ಯುತ್ತು ಬರುತ್ತಿದೆಯೇ ಎಂದು ತಿಳಿಯಬೇಕು. ಬರುತ್ತಿದ್ದರೆ ಬಾಗಿಲಿನ ಚಿಲಕವನ್ನು ಗಮನಿಸಬೇಕು. ಬಾಗಿಲನ್ನು ಒತ್ತಿದಾಗ ‘ಟಕ್’ ಎಂಬ ಸದ್ದು ಕೇಳದಿದ್ದರೆ ಚಿಲಕ ಮುರಿದಿರಬಹುದು ಅಥವಾ ಬಾಗಿಲಿನ ಸ್ವಿಚ್ ಕೆಟ್ಟಿರಬಹುದು. ಮಕ್ಕಳ ಸುರಕ್ಷತೆಗಾಗಿ ಇರುವ ಬೀಗದ ಗುಂಡಿ ಅರಿವಿಲ್ಲದೆ ಒತ್ತಿಹೋಗಿರುವುದೂ ಉಂಟು. ಕೆಲವು ಯಂತ್ರಗಳಲ್ಲಿ ಥರ್ಮಲ್ ಫ್ಯೂಸ್ ಮೋಟಾರಿನ ವಿದ್ಯುತ್ತನ್ನೂ ಕಡಿಯುತ್ತದೆ. ಪ್ಲಗ್ಗಿನ ಪಿನ್ನುಗಳು ಕಪ್ಪಾಗಿದ್ದರೆ ಅಥವಾ ಸಾಕೆಟ್ಟು ಕರಗಿದ್ದರೆ ಎರಡನ್ನೂ ಬದಲಾಯಿಸಬೇಕು. ಒಂದನ್ನು ಮಾತ್ರ ಬದಲಾಯಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಡ್ರಮ್ ತಿರುಗದಿದ್ದರೆ

ಪ್ಲಗ್ ತೆಗೆದು, ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಬೇಕು. ಯಾವ ತಡೆಯೂ ಇಲ್ಲದೆ ಹಗುರವಾಗಿ ತಿರುಗಿದರೆ ಬೆಲ್ಟು ಹರಿದಿರಬಹುದು ಅಥವಾ ಕಳಚಿರಬಹುದು. ಬಿಗಿಯಾಗಿದ್ದರೆ ಡ್ರಮ್ಮಿಗೂ ಹೊರಗವಚಕ್ಕೂ ನಡುವೆ ಬಟ್ಟೆ ಸಿಕ್ಕಿರಬಹುದು; ಬೇರಿಂಗ್ ಸವೆದಿರಲೂಬಹುದು. ಡ್ರಮ್ ಸರಿಯಾಗಿದ್ದು ಮೋಟಾರು ಮಾತ್ರ ಗುಂಯ್‌ಗುಡುತ್ತಾ ನಿಂತರೆ ಕೆಪಾಸಿಟರ್ ದುರ್ಬಲವಾಗಿರುವ ಸಂಭವವಿದೆ. ಇದರ ಬದಲಾವಣೆಯನ್ನು ಮೆಕ್ಯಾನಿಕ್‌ಗೇ ಬಿಡಬೇಕು. ಬೆಲ್ಟು ಬದಲಾಯಿಸುವಾಗ ಅದನ್ನು ಬಿಗಿಯಾಗಿ ಹಿಡಿದಿಡುವ ಸಣ್ಣ ಗಾಲಿಯನ್ನೂ ಪರೀಕ್ಷಿಸಬೇಕು. ಅದು ಸರಾಗವಾಗಿ ತಿರುಗದಿದ್ದರೆ ಹೊಸ ಬೆಲ್ಟೂ ಬೇಗನೆ ಸವೆಯುತ್ತದೆ.

ಸದ್ದು ಮತ್ತು ವಾಸನೆ

ಖಣಖಣ ಸದ್ದಿಗೆ ಜೇಬಿನಲ್ಲುಳಿದ ನಾಣ್ಯ, ಗುಂಡಿ, ಪಿನ್ನುಗಳು ಕಾರಣವಾಗಿರಬಹುದು. ಡ್ರಮ್ಮಿನೊಂದಿಗೆ ಲಯಬದ್ಧವಾಗಿ ಬರುವ ಕಿರಿಚು ಸದ್ದು ಗಾಲಿ ಅಥವಾ ಬೇರಿಂಗ್ ಸವೆತದ ಸೂಚನೆ. ಸುಟ್ಟ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಗೂ ಇಳಿಯದೆ ಮೊದಲು ವಿದ್ಯುತ್ತನ್ನು ಕಡಿಯಬೇಕು. ಹೊಗೆ ಕಂಡರೆ ಯಂತ್ರದ ಬಾಗಿಲನ್ನು ತೆರೆಯಬಾರದು. ಹೊಸ ಗಾಳಿ ಒಳಹೊಕ್ಕು ಬೆಂಕಿ ಭುಗಿಲೇಳಬಹುದು. ವಿದ್ಯುತ್ ಬೆಂಕಿಗೆ ನೀರು ಎರಚಬಾರದು. ಮನೆಮಂದಿಯನ್ನು ಹೊರಗೆ ಕಳುಹಿಸಿ 101 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು.

ಕೊಳವೆಯಿಲ್ಲದ ಯಂತ್ರಗಳು

ಕಂಡೆನ್ಸರ್ ಬಗೆಯ ಯಂತ್ರವು ನೀರಾವಿಯನ್ನು ಒಳಗೇ ತಣಿಸಿ, ನೀರನ್ನಾಗಿ ಮಾಡಿ, ಒಂದು ಪೆಟ್ಟಿಗೆಯಲ್ಲಿ ಸಂಗ್ರಹಿಸುತ್ತದೆ. ಪೆಟ್ಟಿಗೆ ತುಂಬಿದರೆ ಯಂತ್ರ ನಿಲ್ಲುತ್ತದೆ. ಪ್ರತಿ ಸಲವೂ ಅದನ್ನು ಬರಿದು ಮಾಡಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಕಂಡೆನ್ಸರನ್ನೂ ಶುಚಿಗೊಳಿಸಬೇಕು. ಹೀಟ್‌ಪಂಪ್ ಬಗೆಯ ಯಂತ್ರದಲ್ಲಿ ಶೀತಕ ಅನಿಲವನ್ನು ತುಂಬಿ ಮುಚ್ಚಿದ ಕೊಳವೆಗಳಿರುತ್ತವೆ. ಕೆಲವು ಯಂತ್ರಗಳ ಅನಿಲ ಬೆಂಕಿ ಹಿಡಿಯುವಂತಹುದು. ಆ ಭಾಗವನ್ನು ತರಬೇತಾದವರಲ್ಲದೆ ಬೇರಾರೂ ಬಿಚ್ಚಕೂಡದು.

ಹಿಂಡುವ ತೊಟ್ಟಿಯ ದೋಷಗಳು

ಎರಡು ತೊಟ್ಟಿಗಳ ಯಂತ್ರದಲ್ಲಿ ಹಿಂಡುವ ತೊಟ್ಟಿಯ ಮುಚ್ಚಳ ಎತ್ತಿದೊಡನೆ ಸ್ವಿಚ್ ಕಡಿದು ಬ್ರೇಕ್ ಬೀಳುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ತೊಟ್ಟಿ ತಿರುಗುವುದಿಲ್ಲ. ಬಟ್ಟೆ ಒಂದೇ ಕಡೆಗೆ ವಾಲಿದ್ದರೆ ಯಂತ್ರ ಅದುರುತ್ತದೆ. ಬಟ್ಟೆಯನ್ನು ಸಮವಾಗಿ ಅದುಮಿ, ಮೇಲೆ ಕೊಟ್ಟಿರುವ ಪ್ಲಾಸ್ಟಿಕ್ ಬಿಲ್ಲೆಯನ್ನು ಇಟ್ಟು ನಡೆಸಬೇಕು. ಕರವಸ್ತ್ರ, ಕಾಲುಚೀಲಗಳಂತಹ ಸಣ್ಣ ಬಟ್ಟೆಗಳು ತೊಟ್ಟಿಯ ಹೊರಗೆ ಜಾರಿ ತಳದಲ್ಲಿ ಸಿಕ್ಕಿಕೊಂಡರೆ ತೊಟ್ಟಿ ನಿಧಾನವಾಗುತ್ತದೆ. ನೀರು ಹೊರಹೋಗುವ ಪೈಪು ಮೇಲಕ್ಕೆ ಎತ್ತಿಕೊಂಡಿದ್ದರೆ ನೀರು ತಳದಲ್ಲೇ ನಿಂತು ಬಟ್ಟೆ ಒದ್ದೆಯಾಗಿಯೇ ಉಳಿಯುತ್ತದೆ. ಮುಚ್ಚಳ ಎತ್ತಿದ ಮೇಲೂ ತೊಟ್ಟಿ ಕೂಡಲೇ ನಿಲ್ಲದಿದ್ದರೆ ಬ್ರೇಕ್ ಸವೆದಿದೆ. ತಿರುಗುವ ತೊಟ್ಟಿಯೊಳಗೆ ಕೈಹಾಕಿದರೆ ಬಟ್ಟೆ ಕೈಗೆ ಸುತ್ತಿಕೊಂಡು ಮೂಳೆ ಮುರಿಯುವ ಅಪಾಯವಿದೆ. ಮಕ್ಕಳಿರುವ ಮನೆಗಳಲ್ಲಿ ಈ ದೋಷವನ್ನು ಒಂದು ದಿನವೂ ಹಾಗೆಯೇ ಬಿಡಬಾರದು.

ನಿತ್ಯಪಾಲನೆಯ ನಿಯಮಗಳು

ಪ್ರತಿ ಸಲ ಬಟ್ಟೆ ಒಣಗಿಸಿದ ನಂತರ ಜಾಲರಿಯನ್ನು ಶುಚಿಗೊಳಿಸಬೇಕು. ಮಳೆಗಾಲ ಆರಂಭವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೊಳವೆಯನ್ನು ಬಿಚ್ಚಿ ತೊಳೆಯಬೇಕು. ವರ್ಷಕ್ಕೊಮ್ಮೆ ಯಂತ್ರದ ಒಳಭಾಗದ ಧೂಳನ್ನು ಮೆಕ್ಯಾನಿಕ್‌ನಿಂದ ತೆಗೆಸಬೇಕು.

ಅಡುಗೆಮನೆಯ ಎಣ್ಣೆಬಟ್ಟೆ, ಎಣ್ಣೆಸ್ನಾನದ ನಂತರ ಮೈ ಒರೆಸಿದ ಟವೆಲು, ಸೀಮೆಎಣ್ಣೆ ಅಥವಾ ಥಿನ್ನರ್ ತಾಗಿದ ಬಟ್ಟೆಗಳನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಎಣ್ಣೆಯ ಅಂಶ ಉಳಿದ ಬಟ್ಟೆ ಬಿಸಿಯಾಗಿ ರಾಶಿಬಿದ್ದಾಗ ಒಳಗೊಳಗೇ ಶಾಖ ಬೆಳೆದು ತಾನಾಗಿ ಹೊತ್ತಿಕೊಳ್ಳಬಹುದು. ಇಂತಹವನ್ನು ಬಿಸಿನೀರು ಮತ್ತು ಹೆಚ್ಚಿನ ಸೋಪುಪುಡಿಯಲ್ಲಿ ಒಗೆದು, ಹಗ್ಗದ ಮೇಲೆ ಒಣಗಿಸುವುದೇ ಲೇಸು. ಯಂತ್ರವು ಕೊನೆಯ ಕೆಲವು ನಿಮಿಷ ತಣ್ಣನೆಯ ಗಾಳಿಯಲ್ಲಿ ಬಟ್ಟೆಯನ್ನು ಉರುಳಿಸುವುದು ಇದೇ ಕಾರಣಕ್ಕೆ. ಅದನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದರೆ ಬಟ್ಟೆಯನ್ನು ಕೂಡಲೇ ಹೊರತೆಗೆದು ಹರವಬೇಕು. ಯಂತ್ರವನ್ನು ನಡೆಯಲು ಬಿಟ್ಟು ಮನೆಗೆ ಬೀಗ ಹಾಕಿ ಹೋಗುವುದಾಗಲಿ, ಮಲಗುವುದಾಗಲಿ ಸರಿಯಲ್ಲ.

ಮೆಕ್ಯಾನಿಕ್‌ನನ್ನು ಕರೆಸಿದಾಗ

ಕಂಡ ಲಕ್ಷಣಗಳನ್ನು ಬರೆದಿಟ್ಟು ಹೇಳಿದರೆ ದೋಷ ಬೇಗ ಸಿಗುತ್ತದೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಹೊಸ ಫ್ಯೂಸ್ ಮತ್ತು ಥರ್ಮೊಸ್ಟಾಟ್‌ಗಳ ಉಷ್ಣತೆಯ ಮಿತಿ ಹಳೆಯದರಷ್ಟೇ ಇದೆಯೇ ಎಂದು ನೋಡಬೇಕು. ಕಡಿದುಹೋದುದೇಕೆ ಎಂಬ ಪ್ರಶ್ನೆಗೆ ಉತ್ತರ ಪಡೆಯದೆ ಕೆಲಸ ಮುಗಿಯಿತೆಂದು ಒಪ್ಪಬಾರದು. ಹಣಕ್ಕೆ ರಸೀತಿ ಪಡೆಯುವುದನ್ನು ಮರೆಯಬಾರದು.

ಯಂತ್ರದಲ್ಲಿ ತಯಾರಿಕೆಯ ದೋಷವಿದ್ದರೆ ಅಥವಾ ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ರಕ್ಷಣೆಯಿದೆ. ಈ ಅಧಿನಿಯಮದ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೊಂಡ ಯಂತ್ರದ ಬಗ್ಗೆ ಪುಣೆಯಲ್ಲಿ ನೆಲೆಸಿರುವವರು ಪುಣೆಯಲ್ಲಿಯೇ ದೂರು ಕೊಡಲು ಇದರಿಂದ ಸಾಧ್ಯವಾಗಿದೆ. ತೊಂದರೆ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ಪರಿಹಾರ ಕೋರಬಹುದು. ಈ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಲು ಅವಕಾಶವಿದೆ.

ಬಚ್ಚಲೊಲೆಯ ಮೇಲೆ ಬಟ್ಟೆ ಹರವುತ್ತಿದ್ದ ಹಿರಿಯರು ಗಳುವನ್ನು ಬೆಂಕಿಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟುತ್ತಿದ್ದರು. ಹೊಗೆ ಹೋಗುವ ಸಂದನ್ನು ಮುಚ್ಚುತ್ತಿರಲಿಲ್ಲ. ಯಂತ್ರದ ಕಾಲದಲ್ಲಿಯೂ ಪಾಲಿಸಬೇಕಾದುದು ಅದೇ ಎಚ್ಚರ. ಗಾಳಿಯ ದಾರಿಯನ್ನು ತೆರೆದಿಟ್ಟು, ಕಾವಲಿನ ಸಾಧನಗಳನ್ನು ಗೌರವಿಸಿ ಬಳಸಿದಲ್ಲಿ ಯಂತ್ರವು ಬಹುಕಾಲ ಬಾಳುತ್ತದೆ. ಮನೆಯೂ ನೆರೆಮನೆಯೂ ಸುರಕ್ಷಿತವಾಗಿರುತ್ತವೆ.